ಹೊಸ ಬೋರಿನಲ್ಲಿ ಮರಳು: ಫಿಲ್ಟರ್ ತರುವ ಮುಂಚೆ ಗಡಿಯಾರ ನೋಡಿ

ಓದುಗರ ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕು. ಊರಾಚೆ ಹೊಸ ಮನೆ ಕಟ್ಟಿ, ಎರಡು ತಿಂಗಳ ಹಿಂದೆ ಬೋರ್ ಕೊರೆಸಿದೆವು. ಆಳ 540 ಅಡಿ, ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು 80 ಅಡಿ. 310 ಅಡಿಯಲ್ಲಿ ಒಂದು ಸೆಲೆ, 460ರಲ್ಲಿ ಇನ್ನೊಂದು. ‘ಎರಡಿಂಚು ನೀರು’ ಎಂದು ಲಾರಿಯವರು ಹೇಳಿದರು. 5 ಎಚ್‌ಪಿ ಮೋಟರನ್ನು 530 ಅಡಿಗೆ ಬಿಟ್ಟಿದ್ದಾರೆ. ಬಿಡುವಾಗ ನೀರು 180 ಅಡಿಯಲ್ಲಿತ್ತು. 5,000 ಲೀಟರ್ ಸಂಪು ಒಂದು ಗಂಟೆಯಲ್ಲಿ ತುಂಬುತ್ತದೆ. ಮೋಟರ್ ಹಾಕಿದ ಮೊದಲ ಮೂರ್ನಾಲ್ಕು ನಿಮಿಷ ಮರಳು ಬರುತ್ತದೆ, ಆಮೇಲೆ ತಿಳಿ ನೀರು. ಇಪ್ಪತ್ತೈದು ನಿಮಿಷ ಕಳೆದ ಮೇಲೆ ಮತ್ತೆ ಮರಳು, ಈ ಸಲ ಜಾಸ್ತಿ. ಪಕ್ಕದ ಮನೆಯವರಿಗೆ 120 ಅಡಿ ಕೇಸಿಂಗ್ ಹೋಗಿದೆ, ಅವರಿಗೆ ಮರಳಿನ ಕಾಟ ಇಲ್ಲ. ಒಬ್ಬರು ಫಿಲ್ಟರ್ ಹಾಕಿ ಅಂತಾರೆ, ಇನ್ನೊಬ್ಬರು ದೊಡ್ಡ ಮೋಟರ್ ಬಿಟ್ಟು ಮರಳನ್ನೆಲ್ಲ ಎಳೆದುಬಿಡಿ ಅಂತಾರೆ. ಈ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಅತ್ತೆಗೆ ಭಯ. ಮರಳಲ್ಲಿ ಹಳದಿ ಚೂರುಗಳು ಹೊಳೆಯುತ್ತವೆ, ‘ಇದು ಚಿನ್ನಾನಾ’ ಎಂದು ಮಗ ಕೇಳುತ್ತಿದ್ದಾನೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು. ಮರಳು ಬರುತ್ತಿದೆ ಎಂದಲ್ಲ, ಎಷ್ಟೊತ್ತಿಗೆ ಬರುತ್ತದೆ ಎಂದು ಗಡಿಯಾರ ನೋಡಿ ಬರೆದಿದ್ದೀರಿ, ಅದಕ್ಕೆ. ‘ಬೋರಲ್ಲಿ ಮರಳು ಬರ್ತಿದೆ, ಯಾವ ಫಿಲ್ಟರ್ ತಗೊಳ್ಳಲಿ’ ಎಂದು ನೇರವಾಗಿ ಕೇಳುವವರೇ ಹೆಚ್ಚು. ಫಿಲ್ಟರ್ ನೀರನ್ನು ತಿಳಿ ಮಾಡುತ್ತದೆ. ಆದರೆ ಬೋರಿನ ಒಳಗೆ ಗೋಡೆ ಕೊರೆಯುತ್ತಿದ್ದರೆ ಅದಕ್ಕೇನೂ ಮಾಡುವುದಿಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ವೃತ್ತಿಯ ಶುರುವಿನಲ್ಲಿ ಚಿಂತಾಮಣಿ ಕಡೆಯ ಒಂದು ಮನೆಗೆ ನಾನೇ ನಿಂತು ಸೈಕ್ಲೋನ್ ಫಿಲ್ಟರ್, ಅಂದರೆ ನೀರನ್ನು ತಿರುಗಿಸಿ ಮರಳು ಬೇರ್ಪಡಿಸುವ ಫಿಲ್ಟರ್, ಹಾಕಿಸಿದ್ದೆ. ನಲ್ಲಿಯಲ್ಲಿ ಗಾಜಿನಂಥ ನೀರು. ಮನೆಯವರು ಬೋರನ್ನೇ ಮರೆತರು, ನಾನೂ ಮರೆತೆ. ಒಂದು ವರ್ಷದ ಮೇಲೆ ಮೋಟರ್ ನಿಂತಿತು. ಎತ್ತಲು ಹೋದರೆ ಮೇಲಕ್ಕೆ ಬರಲೇ ಇಲ್ಲ. ಗೋಡೆಯಿಂದ ಉದುರಿದ ಮರಳು ಪಂಪಿನ ಸುತ್ತ ತುಂಬಿ ಕಚ್ಚಿಕೊಂಡಿತ್ತು. ಚೈನ್ ಪುಲ್ಲಿಯಲ್ಲಿ ಎಳೆದಾಗ ಪೈಪು ತುಂಡಾಯಿತು. ಮೋಟರೂ ಹೋಯಿತು, ಬೋರೂ ಹೋಯಿತು. ಅವತ್ತಿನಿಂದ ಫಿಲ್ಟರ್ ವಿಷಯವನ್ನು ನಾನು ಕೊನೆಗೇ ಎತ್ತುವುದು.

ಮೊದಲು ಅತ್ತೆಯವರ ಭಯ. ಮರಳು ಎಂದರೆ ಹೆಚ್ಚಾಗಿ ಬೆಣಚುಕಲ್ಲಿನ ಚೂರು. ಅದು ನೀರಿನಲ್ಲೂ ಕರಗುವುದಿಲ್ಲ, ಹೊಟ್ಟೆಯಲ್ಲೂ ಕರಗುವುದಿಲ್ಲ, ಬಂದ ಹಾಗೇ ಹೋಗುತ್ತದೆ. ಕಿಡ್ನಿಯ ಕಲ್ಲು ಬೇರೆ ಸಂಗತಿ. ಮೂತ್ರದಲ್ಲಿ ಕರಗಿರುವ ಕ್ಯಾಲ್ಸಿಯಂ, ಆಕ್ಸಲೇಟ್‌ನಂಥವು ಅಲ್ಲೇ ಗಟ್ಟಿಯಾಗಿ ಆಗುವಂಥದ್ದು. ಮರಳು ಹೋಗಿ ಕಿಡ್ನಿಯಲ್ಲಿ ಕೂರುವುದಿಲ್ಲ. ಆದರೆ ನಿಮ್ಮ ಜಿಲ್ಲೆಯಲ್ಲಿ ಹೆದರಬೇಕಾದ್ದು ಕಣ್ಣಿಗೆ ಕಾಣದ ಫ್ಲೋರೈಡಿಗೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಮರಳಿನ ಫಿಲ್ಟರ್ ಅದನ್ನು ಮುಟ್ಟುವುದೂ ಇಲ್ಲ. ಹೊಸ ಬೋರು ಅಲ್ವಾ, ಹೇಗೂ ಒಮ್ಮೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ.

‘ಮರಳು ಬಂದರೆ ನೀರು ಜಾಸ್ತಿ’ ಎಂಬ ಮಾತನ್ನೂ ಯಾರಾದರೂ ಹೇಳಿರುತ್ತಾರೆ. ಅರ್ಧ ನಿಜ. ನಮ್ಮ ಕಡೆಯ ಗಟ್ಟಿ ಕಲ್ಲಿನಲ್ಲಿ ನೀರಿರುವುದು ಬಿರುಕುಗಳಲ್ಲಿ. ಬಿರುಕಿನ ಸುತ್ತಲ ಕಲ್ಲು ಕಾಲಾಂತರದಲ್ಲಿ ಕೊಳೆತು ಗರಸಾಗಿರುತ್ತದೆ. ಒಳ್ಳೆಯ ಸೆಲೆಯಲ್ಲಿ ಒಂದಿಷ್ಟು ಮರಳು ಇರುವುದು ಸಹಜ. ಅದು ಹೊರಗೆ ಬರುತ್ತಲೇ ಇರುವುದು ಸಹಜವಲ್ಲ.

‘ತಾನಾಗೇ ಸರಿಹೋಗುತ್ತೆ’ ಎಂಬುದೂ ಅಷ್ಟೇ. ಕೊರೆದಾಗ ಉಳಿದ ಕಲ್ಲಿನ ಪುಡಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬಂದು ನಿಲ್ಲುತ್ತದೆ. ನಿಮಗೆ ಎರಡು ತಿಂಗಳಾಯಿತು. ಇನ್ನು ಕಾಯಬೇಡಿ.

ಮರಳು ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಮೊದಲ ಸಾಕ್ಷಿ ನಿಮ್ಮ ಮನೆ ಮುಂದೆಯೇ ಬಿದ್ದಿರಬಹುದು. ಬೋರ್ ಕೊರೆದಾಗ ಹೊರಗೆ ಬಂದ ಪುಡಿಯ ಗುಡ್ಡೆ. ಇನ್ನೂ ಎತ್ತಿಸಿಲ್ಲವಾದರೆ ಹೋಗಿ ನೋಡಿ. ತಳದಲ್ಲಿ, ಅಂಚಿನಲ್ಲಿ ಕೆಂಪು ಮಣ್ಣು, ಅದರ ಮೇಲೆ ಹಳದಿ-ಕಂದು ಗರಸು, ಮೇಲುಗಡೆ ಬೂದು ಬಣ್ಣದ ಹಿಟ್ಟು. ಬೋರಿನ ಪದರಗಳೇ ತಲೆಕೆಳಗಾಗಿ ಬಿದ್ದಿರುತ್ತವೆ. ಈಗ ಬಿಳಿ ಬಕೆಟ್ಟಿನಲ್ಲಿ ಬೋರಿನ ನೀರು ಹಿಡಿದು ಹತ್ತು ನಿಮಿಷ ಬಿಡಿ. ಮೇಲಿನ ನೀರು ಚೆಲ್ಲಿ, ತಳದಲ್ಲಿ ಕೂತದ್ದನ್ನು ಅಂಗೈ ಮೇಲೆ ಹಾಕಿಕೊಂಡು ಆ ಗುಡ್ಡೆಯ ಪಕ್ಕ ಕೂತು ಹೋಲಿಸಿ.

ಬೆರಳಲ್ಲಿ ಉಜ್ಜಿದರೆ ಟಾಲ್ಕಂ ಪೌಡರಿನಂತಿರುವ ಬೂದು ಹಿಟ್ಟಾದರೆ ಅದು ಕೊರೆದಾಗಿನ ಪುಡಿ. ಫ್ಲಶಿಂಗ್, ಅಂದರೆ ಗಾಳಿ ಊದಿ ಬೋರು ತೊಳೆಯುವುದು, ಸರಿಯಾಗಿ ಆಗಿಲ್ಲ ಎಂದರ್ಥ, ದೊಡ್ಡ ವಿಷಯವಲ್ಲ. ಚೂಪಂಚಿನ ಬಿಳಿ-ಬೂದು ಕಾಳು, ಜೊತೆಗೆ ಹೊಳೆಯುವ ಚೂರು ಇದ್ದರೆ ಅದು ಆಳದ ಸೆಲೆಯ ಮರಳು. ಕೆಂಪು, ಜಿಗುಟು, ಬಟ್ಟೆಗೆ ಕಲೆ ಹಿಡಿಯುವಂಥದ್ದಾದರೆ ಅದು ಮೇಲಿನ ಮಣ್ಣು. ಕೇಸಿಂಗ್ ಗಟ್ಟಿ ಕಲ್ಲಿಗೆ ಕೂತಿಲ್ಲ, ಇಲ್ಲವೇ ಜಾಯಿಂಟ್ ಬಿಟ್ಟಿದೆ. ಇವು ಮೂರರಲ್ಲಿ ನಾನು ಹೆದರುವುದು ಈ ಕೆಂಪಿಗೆ ಮಾತ್ರ. ಮೇಲಿನ ಮಣ್ಣು ಒಳಗೆ ಬರುವ ದಾರಿಯಲ್ಲಿ ಶೌಚದ ಪಿಟ್ಟಿನ ನೀರೂ ಬರಬಹುದು. ಜೋರು ಮಳೆಯಾದ ಮಾರನೇ ದಿನ ನೀರು ಕೆಂಪಾದರೆ ಕುಡಿಯುವುದು ನಿಲ್ಲಿಸಿ, ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ.

ಪಕ್ಕದ ಮನೆಯ 120 ಅಡಿ ಕೇಸಿಂಗ್ ನಿಮ್ಮ ತಲೆ ಕೊರೆಯುತ್ತಿರಬೇಕು. ಕೇಸಿಂಗ್‌ಗೆ ಅಡಿ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಮಾಲೀಕರು ‘ಸಾಕು ನಿಲ್ಲಿಸ್ರಿ’ ಅನ್ನುವುದೂ ಉಂಟು, ಲಾರಿಯವರು ಆತುರಕ್ಕೆ ನಿಲ್ಲಿಸುವುದೂ ಉಂಟು. ಆದರೆ ಈ ಕಡೆಯ ಕಲ್ಲು ಒಂದೇ ಸಮ ಕೊಳೆತಿರುವುದಿಲ್ಲ. ಐವತ್ತು ಅಡಿ ಆಚೆ ಈಚೆ ಗಟ್ಟಿ ಕಲ್ಲಿನ ಮಟ್ಟ ಪೂರಾ ಬೇರೆ ಇರಬಹುದು. 80 ಅಡಿ ಎಂದ ಮಾತ್ರಕ್ಕೆ ಮೋಸ ಎಂದುಕೊಳ್ಳಬೇಡಿ. ನೀವು ಬರೆದಿರುವ ಹೊಳೆಯುವ ಮರಳು ಆಳದ್ದೇ ಇರಬೇಕು, 80 ಅಡಿಯದ್ದಲ್ಲ ಎನಿಸುತ್ತದೆ.

ಈಗ ಗಡಿಯಾರಕ್ಕೆ ಬರೋಣ. ಮೊದಲ ಮೂರ್ನಾಲ್ಕು ನಿಮಿಷದ ಮರಳು ನಿನ್ನೆಯದ್ದು. ಮೋಟರ್ ನಿಂತಾಗ 530 ಅಡಿ ಪೈಪಿನೊಳಗಿನ ನೀರಿನಲ್ಲಿದ್ದ ಕಾಳುಗಳು ಇಳಿದು, ಪಂಪಿನ ತಲೆಯ ಮೇಲಿರುವ ವಾಲ್ವಿನ ಹತ್ತಿರ ಕೂರುತ್ತವೆ. ಮಾರನೇ ದಿನ ಅವು ಮೇಲೆ ಬರಲು ಎರಡು-ಮೂರು ನಿಮಿಷ ಬೇಕು.

ಇಪ್ಪತ್ತೈದನೇ ನಿಮಿಷದ್ದೇ ನಿಜವಾದ ಸುದ್ದಿ. ಸ್ವಲ್ಪ ಲೆಕ್ಕ ಹಾಕೋಣ. ಲಾರಿಯವರು ‘ಎರಡಿಂಚು’ ಎಂದದ್ದು ಪೈಪಿನ ದಪ್ಪವಲ್ಲ, ವಿ ಆಕಾರದ ತಗಡಿನ ಕಚ್ಚಿನಲ್ಲಿ ನೀರು ಹರಿದ ಎತ್ತರ. ಎರಡಿಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್. ಎರಡೂವರೆ ಇಂಚಾದರೆ 5,000, ಮೂರಿಂಚಾದರೆ 8,000ದ ಹತ್ತಿರ. ಅರ್ಧ ಇಂಚಿನ ಮಾತಿನಲ್ಲಿ ಎಷ್ಟು ವ್ಯತ್ಯಾಸ ನೋಡಿ! ಅದೂ ಕಂಪ್ರೆಸರ್ ಊದುವಾಗಿನ ಅಂದಾಜು, ಬೇಸಿಗೆಯಲ್ಲಿ ಇನ್ನೂ ಕಡಿಮೆ. ನಿಮ್ಮ ಮೋಟರ್ ಎತ್ತುತ್ತಿರುವುದು ಗಂಟೆಗೆ 5,000. ಮೂಗಿಗಿಂತ ಮೂಗುತಿ ಭಾರ.

ಕೊರತೆ ಬಿದ್ದ 2,100 ಲೀಟರ್ ಎಲ್ಲಿಂದ ಬರುತ್ತದೆ? ಬೋರಿನಲ್ಲಿ ನಿಂತ ನೀರಿನಿಂದ. ನಿಮ್ಮದು ಆರೂವರೆ ಇಂಚಿನ ಬೋರು ಎಂದುಕೊಂಡರೆ ಒಂದು ಅಡಿಗೆ 6.5 ಲೀಟರ್ ಹಿಡಿಯುತ್ತದೆ. ನಿಮ್ಮ ನೀರು 180 ಅಡಿಯಲ್ಲಿದೆ, ಮೊದಲ ಸೆಲೆ 310ರಲ್ಲಿದೆ. ನಡುವಿನ 130 ಅಡಿಯಲ್ಲಿ ಇರುವುದು ಸುಮಾರು 850 ಲೀಟರ್. ಗಂಟೆಗೆ 2,100ರಂತೆ ಅದು ಖಾಲಿಯಾಗಲು ಹೆಚ್ಚುಕಮ್ಮಿ ಇಪ್ಪತ್ತೈದು ನಿಮಿಷ!

ಅಂದರೆ ಆ ಹೊತ್ತಿಗೆ ನೀರಿನ ಮಟ್ಟ 310 ಅಡಿಯ ಸೆಲೆಗಿಂತ ಕೆಳಗೆ ಹೋಗುತ್ತದೆ. ಅಲ್ಲಿಯವರೆಗೆ ಆ ಸೆಲೆ ನೀರೊಳಗೆ ಮುಳುಗಿ ಮೆಲ್ಲಗೆ ಜಿನುಗುತ್ತಿತ್ತು. ಈಗ ಎದುರಿನ ಒತ್ತಡ ಹೋಯಿತು. ನೀರು ಬಿರುಕಿನಿಂದ ರಭಸವಾಗಿ ಹೊರಬಿದ್ದು ಬೋರಿನೊಳಗೇ ಜಲಪಾತದಂತೆ ಸುರಿಯುತ್ತದೆ. ಹೊರಡುವಾಗ ಕೊಳೆತ ಕಲ್ಲಿನ ಕಾಳುಗಳನ್ನು ಕಿತ್ತುಕೊಂಡು ಬರುತ್ತದೆ. ನಿಮ್ಮ ಎರಡನೇ ಸುತ್ತಿನ ಮರಳು ಇದೇ ಎಂಬುದು ನನ್ನ ಅಂದಾಜು. ದೊಡ್ಡ ಮೋಟರ್ ಬಿಟ್ಟು ಎಳೆದುಬಿಡಿ ಎಂದವರ ಮಾತು ಕೇಳಿದ್ದರೆ ಇದೇ ಹದಿನೈದನೇ ನಿಮಿಷಕ್ಕೆ ಶುರುವಾಗುತ್ತಿತ್ತು.

ಅಂದಾಜು ಸರಿಯೇ ಎಂದು ನೋಡಲು ಖರ್ಚೇನೂ ಇಲ್ಲ. ಬೋರಿನ ಬಾಯಿಯ ಗೇಟ್ ವಾಲ್ವನ್ನು ಸಂಪು ತುಂಬಲು ಒಂದರ ಬದಲು ಎರಡು ಗಂಟೆ ಹಿಡಿಯುವಷ್ಟು ತಿರುಗಿಸಿ. ನಾಲ್ಕೈದು ದಿನ ಹಾಗೇ ಓಡಿಸಿ, ನಲವತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಸ್ಟಾರ್ಟರ್‌ನ ಆಂಪಿಯರ್ ಮುಳ್ಳಿನ ಮೇಲೆ ಕಣ್ಣಿರಲಿ. ಸಾಮಾನ್ಯವಾಗಿ ಅದು ಸ್ವಲ್ಪ ಇಳಿಯಬೇಕು, ಏರಿದರೆ ನಿಲ್ಲಿಸಿ. ಇಪ್ಪತ್ತೈದನೇ ನಿಮಿಷದ ಮರಳು ಮಾಯವಾದರೆ ಕಾರಣ ಸಿಕ್ಕಿತು. ಇದನ್ನೇ ಖಾಯಂ ಮಾಡಿಕೊಳ್ಳಬೇಡಿ. ದೊಡ್ಡ ಪಂಪಿನ ಕತ್ತು ಹಿಸುಕಿ ತಿಂಗಳುಗಟ್ಟಲೆ ಓಡಿಸಿದರೆ ಮೋಟರ್ ಬಿಸಿಯಾಗುತ್ತದೆ, ಬೇರಿಂಗ್ ಸವೆಯುತ್ತದೆ.

ಪರೀಕ್ಷೆ ಮುಗಿದು ಪಂಪಿನ ವಿಷಯ ತೀರ್ಮಾನ ಆಗುವವರೆಗೆ ಇನ್ನೂ ಸುಲಭದ ದಾರಿ ಇದೆ. ವಾಲ್ವ್ ಪೂರ್ತಿ ತೆಗೆದು, ದಿನಕ್ಕೆ ಒಂದೇ ಸಲ ಇಪ್ಪತ್ತು ನಿಮಿಷ ಮೋಟರ್ ಹಾಕಿ, ಆಫ್ ಮಾಡಿ. ಅಷ್ಟರಲ್ಲಿ 1,600 ಲೀಟರ್ ಬಂದಿರುತ್ತದೆ. ತಲೆಗೆ 135 ಲೀಟರ್ ಎಂಬುದು ನಗರದ ಲೆಕ್ಕ. ಹತ್ತು ಜನರ ಮನೆಗೂ ಇದು ಸಾಕು. ಒಂದೇ ಗಂಟೆಯಲ್ಲಿ 5,000 ಲೀಟರ್ ಸಂಪು ತುಂಬಲೇಬೇಕು ಎಂಬ ಹಟ ಯಾಕೆ? ಫ್ಲೋಟ್ ಸ್ವಿಚ್ಚಿಗೆ ಬಿಟ್ಟು ದಿನಕ್ಕೆ ಹತ್ತು ಸಲ ಆನ್-ಆಫ್ ಆಗುವಂತೆಯೂ ಮಾಡಬೇಡಿ. ಪ್ರತಿ ಸ್ಟಾರ್ಟೂ ಬೋರಿಗೆ ಒಂದು ಜಗ್ಗು.

ಖಾಯಂ ಪರಿಹಾರಕ್ಕೆ ಒಂದು ಸಲ ಮೋಟರ್ ಎತ್ತಲೇಬೇಕು. ಎತ್ತುವ ದಿನವೇ ಒಟ್ಟಿಗೆ ಮಾಡಿಸುವ ಕೆಲಸಗಳಿವೆ.

ಒಂದು, ಮೋಟರ್ ಇರುವ ಜಾಗ. 540 ಅಡಿ ಬೋರಿನಲ್ಲಿ 530ಕ್ಕೆ ಬಿಟ್ಟಿರುವುದು ತಪ್ಪು. ಉದುರುವ ಮರಳೆಲ್ಲ ಮೇಲೆ ಬರುವುದಿಲ್ಲ, ದಪ್ಪ ಕಾಳು ತಳ ಸೇರುತ್ತದೆ. ನಿಮಗೆ ಉಳಿದಿರುವ ತಳ ಹತ್ತೇ ಅಡಿ, ಅದರಲ್ಲಿ ಮೋಟರಿನ ಉದ್ದವೂ ಹೋಯಿತು. ನಾನಾದರೆ ಐದು ಲೆಂತ್, ಅಂದರೆ 20 ಅಡಿಯ ಐದು ಪೈಪಿನಷ್ಟು, ಮೇಲೆತ್ತಿ 430 ಅಡಿಗೆ ನಿಲ್ಲಿಸುತ್ತೇನೆ. ಕೆಳಗೆ ನೂರಕ್ಕೂ ಹೆಚ್ಚು ಅಡಿ ಮರಳಿಗೆ ಜಾಗ ಸಿಗುತ್ತದೆ. 460ರ ಸೆಲೆಯ ನೀರು ಮೋಟರನ್ನು ಸವರಿಕೊಂಡು ಮೇಲೆ ಬರುತ್ತದೆ, ಮೋಟರ್ ತಣ್ಣಗಿರುತ್ತದೆ. ಏಪ್ರಿಲ್-ಮೇನಲ್ಲಿ ನೀರು ಅಲ್ಲಿಗಿಂತ ಕೆಳಗೆ ಹೋಗುವ ಅಪಾಯ ಇದ್ದೇ ಇದೆ. ಅದಕ್ಕೆ ನೀರಿಲ್ಲದಾಗ ತಾನೇ ಆಫ್ ಆಗುವ ಡ್ರೈ ರನ್ ಸಾಧನ ಹಾಕಿಸಿ.

ಪಂಪೂ ಸಣ್ಣದಾಗಲಿ. ಗಂಟೆಗೆ 2,000 ಲೀಟರ್ ಎತ್ತುವ 2 ಅಥವಾ 3 ಎಚ್‌ಪಿ ನಿಮಗೆ ಧಾರಾಳ. ಕೊಳ್ಳುವಾಗ ಎಚ್‌ಪಿ ಕೇಳಬೇಡಿ. ಎಷ್ಟು ಅಡಿಯಿಂದ ಗಂಟೆಗೆ ಎಷ್ಟು ಲೀಟರ್ ಎಂದು ಚಾರ್ಟ್ ಕೇಳಿ.

ಮೋಟರ್ ಹೊರಗಿರುವಾಗ ಕಂಪ್ರೆಸರ್ ಕರೆಸಿ ಫ್ಲಶಿಂಗ್ ಮಾಡಿಸಿ. ರಾಡು ತಳದವರೆಗೆ ಇಳಿಯಲಿ. ಅರ್ಧ ಗಂಟೆ ಊದಿ ಹೋಗುವುದಲ್ಲ. ಊದಬೇಕು, ನಿಲ್ಲಿಸಬೇಕು, ನೀರು ಏರಲು ಬಿಡಬೇಕು, ಮತ್ತೆ ಊದಬೇಕು. ಆ ಹಿಂದೆ ಮುಂದೆ ಎಳೆದಾಟದಲ್ಲೇ ಸೆಲೆಯ ಬಾಯಲ್ಲಿ ಸಡಿಲ ಇರುವುದೆಲ್ಲ ಬಂದುಬಿಡುತ್ತದೆ. ಮೂರು-ನಾಲ್ಕು ಗಂಟೆ ಹಿಡಿಯಬಹುದು. ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ನೀವೇ ನಿಂತು ನೋಡಿ. ಆದರೆ ಒಂದು ಎಚ್ಚರಿಕೆ. ಬಕೆಟ್ಟಿನಲ್ಲಿ ಕೆಂಪು ಕಾಣಿಸಿದರೆ ಊದಲು ಬಿಡಬೇಡಿ. ಕೇಸಿಂಗ್ ಕೆಳಗಿನ ಮಣ್ಣು ಸಡಿಲವಾಗಿದ್ದರೆ ಜೋರು ಗಾಳಿಗೆ ಬೋರೇ ಕುಸಿಯಬಹುದು. ಆಗ ಮೊದಲು ಒಂದೆರಡು ದಿನ ನೀರು ತಿಳಿಯಾಗಲು ಬಿಟ್ಟು ಬೋರ್‌ವೆಲ್ ಕ್ಯಾಮೆರಾ ಇಳಿಸಿ. ಕೇಸಿಂಗ್ ಕೊನೆ ಎಲ್ಲಿ ಕೂತಿದೆ, ಸೆಲೆಯ ಬಾಯಿ ಎಷ್ಟು ಅಗಲವಾಗಿದೆ ಎಂದು ಪರದೆಯ ಮೇಲೆ ಕಾಣುತ್ತದೆ. ನೋಡಿದ ಮೇಲೆ ಊಹೆಗೆ ಕೆಲಸವಿಲ್ಲ.

ಇಷ್ಟಾದರೂ ಮರಳು ನಿಲ್ಲದಿದ್ದರೆ ಒಳಗೆ ಇನ್ನೊಂದು ಪೈಪು, ಅಂದರೆ 5 ಇಂಚಿನ ಪಿವಿಸಿ ಕೇಸಿಂಗ್, ಸೆಲೆ ಇರುವ ಕಡೆ ಸೀಳು ಇರುವಂಥದ್ದು, ಇಳಿಸುವುದೊಂದು ಉಳಿಯುತ್ತದೆ. ಇದನ್ನು ನಾನು ಸುಲಭಕ್ಕೆ ಹೇಳುವುದಿಲ್ಲ. ಬೋರಿನ ಗೋಡೆಗೂ ಪೈಪಿಗೂ ನಡುವೆ ಅರ್ಧ ಇಂಚಿನಷ್ಟು ಸಂದು. ಬೋರು ಸ್ವಲ್ಪ ಓರೆಯಿದ್ದರೆ ಪೈಪು ನಡುವೆಯೇ ಸಿಕ್ಕಿಕೊಳ್ಳುತ್ತದೆ. ಸೀಳು ಸೆಲೆಯ ಎದುರಿಗೆ ಬರದಿದ್ದರೆ ಇರುವ ನೀರೂ ಕಡಿಮೆಯಾಗುತ್ತದೆ. ಸುತ್ತ ನೈಲಾನ್ ಜಾಲರಿ ಸುತ್ತುತ್ತೇನೆ ಎನ್ನುವವರಿದ್ದಾರೆ. ಒಪ್ಪಬೇಡಿ, ಕಟ್ಟಿಕೊಂಡರೆ ತೊಳೆಯಲು ಆಗುವುದಿಲ್ಲ. ಆಮೇಲೆ ಆ ಬೋರಿಗೆ 4 ಇಂಚಿನ ಪಂಪು ಮಾತ್ರ ಹಿಡಿಸುತ್ತದೆ.

ಎಷ್ಟು ಮರಳಾದರೆ ಸಹಿಸಬಹುದು? ಮೊದಲಿಂದ ಕೊನೆವರೆಗೆ ಎಲ್ಲ ಹೊತ್ತಿನ ನೀರೂ ಬೆರೆಯುವಂತೆ ಆಗಾಗ ಹಿಡಿದು 200 ಲೀಟರ್ ಡ್ರಮ್ ತುಂಬಿಸಿ. ಹತ್ತು ನಿಮಿಷ ಬಿಟ್ಟು ನೀರು ಚೆಲ್ಲಿ, ಮರಳನ್ನು ಒಣಗಿಸಿ ತೂಗಿ. ಒಂದು ಗ್ರಾಂ, ಅಂದರೆ ಒಂದು ಚಿಟಿಕೆ ಬಂದರೆ ಚಿಂತೆ ಬೇಡ. ಹತ್ತು ಗ್ರಾಂ, ಒಂದೂಕಾಲು ಟೀ ಚಮಚದಷ್ಟು ಬಂದರೆ ಸಾವಿರ ಲೀಟರಿಗೆ 50 ಗ್ರಾಂ ಆಯಿತು. ಅನೇಕ ಪಂಪುಗಳ ಕೈಪಿಡಿಯಲ್ಲಿ ಮೇಲಿನ ಮಿತಿ ಅದೇ. ದಿನಕ್ಕೆ 1,500 ಲೀಟರ್ ಬಳಸುವ ಮನೆಯಲ್ಲಿ ವರ್ಷಕ್ಕೆ 27 ಕೆಜಿ, ಅರ್ಧ ಮೂಟೆ ಸಿಮೆಂಟಿಗಿಂತ ಜಾಸ್ತಿ ಮರಳು ಗೋಡೆ ಬಿಟ್ಟು ಬಂದಂತಾಯಿತು.

ಫಿಲ್ಟರ್ ಈಗ. ಉಳಿದ ಚೂರುಪಾರಿಗೆ ಡ್ರಿಪ್ಪಿಗೆ ಹಾಕುತ್ತಾರಲ್ಲ, ಆ ಸೈಕ್ಲೋನ್ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ನೀರನ್ನು ಗಿರ್ರನೆ ತಿರುಗಿಸಿ ಭಾರದ ಕಾಳನ್ನು ಕೆಳಗೆ ಬೀಳಿಸುತ್ತದೆ, ಅಷ್ಟೇ. ತಿರುಗಲು ವೇಗ ಬೇಕು. ಗಂಟೆಗೆ 5,000 ಲೀಟರಿನ ಫಿಲ್ಟರಿಗೆ 2,000 ಬಿಟ್ಟರೆ ಮರಳು ಹಾಗೇ ದಾಟುತ್ತದೆ. ಪಂಪು ಬದಲಿಸಿದ ಮೇಲೆ ಕೊಳ್ಳಿ ಎನ್ನುವುದು ಅದಕ್ಕೇ. ಜೇಡಿಮಣ್ಣಿನ ಕಲಕು ನೀರಿಗೆ ಅದು ಉಪಯೋಗವಿಲ್ಲ. ಸಂಪಿನಲ್ಲಿ ನೀರು ಬೀಳುವ ಮೂಲೆಗೆ ಒಂದೂವರೆ ಅಡಿ ಎತ್ತರದ ಅಡ್ಡಗೋಡೆ ಕಟ್ಟಿಸಿ, ಎಳೆಯುವ ಪೈಪನ್ನು ಎದುರು ಮೂಲೆಯಲ್ಲಿ ತಳದಿಂದ ಒಂದು ಅಡಿ ಮೇಲಿಡಿ. ಮೇಸ್ತ್ರಿಯ ಒಂದು ದಿನದ ಕೆಲಸ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ವಾಷಿಂಗ್ ಮೆಷಿನ್ ಜಾಲರಿ ಕಟ್ಟಿಕೊಳ್ಳುವುದು ನಿಂತಿದೆ. ಆರ್‌ಒ ಮರಳಿಗಲ್ಲ, ಅದು ಬೇಕೋ ಬೇಡವೋ ಎಂದು ಹೇಳುವುದು ಲ್ಯಾಬ್ ವರದಿ.

ಕೊನೆಗೆ ಮಗನ ಪ್ರಶ್ನೆ. ಚಿನ್ನದ ಗಣಿಯ ಕೆಜಿಎಫ್ ಇರುವ ಜಿಲ್ಲೆಯವರೇ ನೀವು, ಕೇಳಿದ್ದರಲ್ಲಿ ತಪ್ಪಿಲ್ಲ. ಒಂದು ಚೂರನ್ನು ಉಗುರಿನ ಮೇಲಿಟ್ಟು ಸೂಜಿ ಮೊನೆಯಿಂದ ಒತ್ತಲು ಹೇಳಿ. ಚಿನ್ನವಾದರೆ ಬಗ್ಗುತ್ತದೆ, ತಗ್ಗು ಬೀಳುತ್ತದೆ. ಅದು ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಪದರ ಬಿಡುತ್ತದೆ ನೋಡಿ. ನಿಮ್ಮ 310 ಅಡಿಯ ಕಲ್ಲಿನಲ್ಲಿ ಕರ್ರಗಿದ್ದ ಅಭ್ರಕ, ಕೊಳೆತು ಹಳದಿ ತಿರುಗಿದೆ. ನಮ್ಮ ಅಜ್ಜಿಯರು ಕಾಗೆ ಬಂಗಾರ ಎನ್ನುತ್ತಿದ್ದುದು ಇದನ್ನೇ.